ನಾಲ್ಕು ಸಾವಿರದ ಮುನ್ನೂರ ಎಪ್ಪತ್ತು

“ಸ್ಟಾರ್ಟ್ ಬಟನ್ ಒಂದು ಬಿಟ್ಟು ಏನ್ ಬೇಕಾದ್ರೂ ಮುಟ್ಟಿ ನೋಡಿ,” ಎನ್ನುತ್ತ ತೀರ್ಥಪ್ಪ ಗುಂಡು ಚಿಮ್ಮಿಸಿ ಆಡುವ ಪಿನ್‌ಬಾಲ್ ಯಂತ್ರಕ್ಕೆ ಹೊದಿಸಿದ್ದ ಹಳೆಯ ಸೀರೆಯನ್ನು ಸರಿಸಿದರು.

ಕೆಮ್ಮಣ್ಣುಗುಂಡಿಯ ಗಣಿ ಮುಚ್ಚಿದಾಗ ಅಲ್ಲಿನ ಕ್ಲಬ್ಬಿನಿಂದ ಅದನ್ನು ಅಜ್ಜಂಪುರಕ್ಕೆ ತಂದವರು ಅವರೇ. ಆಗ ಕ್ಲಬ್ಬಿನ ಎಲೆಕ್ಟ್ರಿಷಿಯನ್ ಆಗಿದ್ದರು. ಗಾಜಿನ ಹಿಂದೆ ನಾಲ್ಕು ಅಂಕಿಚಕ್ರಗಳು 4370 ತೋರಿಸುತ್ತ ನಿಂತಿದ್ದವು. ಎಂಟು ವರ್ಷಗಳ ಹಿಂದೆ ಕಾಲೇಜಿಗೆ ಹೊರಡುವ ಮುನ್ನ ಮಗಳು ದೀಪಶ್ರೀ ಆಡಿದ ಕೊನೆಯ ಆಟದ ಅಂಕವದು. ಅವಳು ಹತ್ತಿದ ಬಸ್ಸು ಅಂದು ಕಡೂರನ್ನು ತಲುಪಲಿಲ್ಲ. ಹೊಸ ಆಟ ಆರಂಭಿಸಿದರೆ ಚಕ್ರಗಳು ಸೊನ್ನೆಗೆ ಮರಳುತ್ತವೆ. ಆದ್ದರಿಂದ ತೀರ್ಥಪ್ಪ ಪ್ರತಿ ಸೋಮವಾರ ಒಳಗಿನ ರಿಲೇ ಸ್ವಿಚ್ಚುಗಳ ಧೂಳು ತೆಗೆದರೂ ಪ್ಲಗ್ ಮಾತ್ರ ಹಾಕುತ್ತಿರಲಿಲ್ಲ.

ಅದನ್ನು ನೋಡಲೆಂದು ಬಂದಿದ್ದ, ಹಳೆಯ ಯಂತ್ರಗಳನ್ನು ಸಂಗ್ರಹಿಸುವ ಕಡೂರಿನ ಮಲ್ಲಿಕಾರ್ಜುನನಿಗೆ ಇದಾವುದೂ ತಿಳಿದಿರಲಿಲ್ಲ. ಹಿಂದಿನ ಹಲಗೆ ತೆಗೆದು ಟಾರ್ಚು ಬಿಟ್ಟು ನೋಡಿದ.

“ಬಣ್ಣ ಚೆನ್ನಾಗೈತೆ. ಆದ್ರೆ ಸತ್ತೋಗೈತೆ ಕಣ್ರೀ ಯಜಮಾನ್ರೇ. ಒಳಗಿನ ತಂತಿ ಕಾಯಿಲುಗಳೆಲ್ಲ ಸುಟ್ಟಿರ್ತವೆ. ಬಿಚ್ಚಿ ಪಾರ್ಟ್ಸಿಗೆ ತಗೋಬೇಕು, ಅಷ್ಟೇ.”

“ಸುಟ್ಟಿರ್ತವಾ? ನನ್ ಕೈಯಾರೆ ಸುತ್ತಿದ್ ಕಾಯಿಲು ಕಣಯ್ಯಾ ಅವು!”

“ಎಲ್ರೂ ಹಂಗೇ ಅಂತಾರೆ ಬಿಡಿ.”

ತೀರ್ಥಪ್ಪನವರ ಮುಖ ಕೆಂಪೇರಿತು. ಪ್ಲಗ್ ಹಾಕಿದರು. ಬಣ್ಣದ ಗಾಜು ಒಳಗಿನಿಂದ ಬೆಳಗಿತು. ಅಷ್ಟಕ್ಕೇ ನಿಲ್ಲಬಹುದಿತ್ತು.

“ಬಲ್ಬ್ ಹತ್ತಿದ್ರೆ ಆಯ್ತಾ?” ಎಂದು ಮಲ್ಲಿಕಾರ್ಜುನ ನಕ್ಕ.

ತೀರ್ಥಪ್ಪನವರ ಹೆಬ್ಬೆರಳು ಸ್ಟಾರ್ಟ್ ಬಟನ್ ಒತ್ತಿತು. ಚಕ್ರಗಳು ಖಟಖಟನೆ ತಿರುಗಿ ಒಂದೊಂದಾಗಿ ಸೊನ್ನೆಗೆ ಬಂದು ನಿಂತವು.

“ಅಬ್ಬಾ, ಜೀವ ಐತೆ ಕಣ್ರೀ!”

ಸದ್ದು ಕೇಳಿ ಸಾವಿತ್ರಮ್ಮ ಸೌಟು ಹಿಡಿದೇ ಅಡಿಗೆಮನೆಯಿಂದ ಬಂದರು. ಗಾಜನ್ನು ನೋಡಿದರು; ಬಳಿಕ ಗಂಡನನ್ನು.

“ಏನ್ ಮಾಡ್ಬಿಟ್ರಿ? ಮಗೀದು ಅಂತ ಅದೊಂದು ಇತ್ತಲ್ರೀ...”

ತೀರ್ಥಪ್ಪ ಬಟನ್ನಿನ ಮೇಲಿಂದ ಬೆರಳನ್ನು ತೆಗೆದಿರಲಿಲ್ಲ. ಗೋಡೆಯಲ್ಲಿ ಹಾರ ಹಾಕಿದ್ದ ಹುಡುಗಿಯ ಫೋಟೊ ಮಲ್ಲಿಕಾರ್ಜುನನಿಗೆ ಆಗ ಕಾಣಿಸಿತು.

“ಚಕ್ರ ಕೈಯಲ್ಲೇ ತಿರುಗಿಸಿ ಇಡ್ಬೋದಮ್ಮಾ,” ಎಂದ, ದನಿ ತಗ್ಗಿಸಿ. “ಎಷ್ಟಿತ್ತು ಹೇಳಿ.”

ಸಾವಿತ್ರಮ್ಮ ಅಂಕಿ ಹೇಳಿದರು. ಅವನು ಪ್ಲಗ್ ಕಿತ್ತು, ಯಂತ್ರದೊಳಗೆ ಕೈಹಾಕಿ ನಾಲ್ಕು ಚಕ್ರಗಳನ್ನೂ ಒಂದೊಂದಾಗಿ ಕೂರಿಸಿದ. ಗಾಜಿನ ಹಿಂದೆ 4370 ಮೂಡಿತು. ಒಂದಂಕಿಯೂ ತಪ್ಪಿರಲಿಲ್ಲ.

ತೀರ್ಥಪ್ಪ ಹೊದಿಕೆಗಾಗಿ ಕೈಚಾಚಿದರು. ಅಷ್ಟರಲ್ಲಿ ಸಾವಿತ್ರಮ್ಮ, “ಇದು ಅವ್ಳು ಆಡಿದ್ದಲ್ಲ ಬಿಡ್ರೀ,” ಎಂದು ಆ ಸೀರೆಯನ್ನು ಎತ್ತಿಕೊಂಡು, ಅಂಚಿಗೆ ಅಂಚು ಹೊಂದಿಸಿ ನಾಲ್ಕು ಮಡಿಕೆ ಮಾಡಿ, ಒಳಗೆ ಒಯ್ದು ಪೆಟ್ಟಿಗೆಯಲ್ಲಿಟ್ಟರು.