ಬೇಲಿಯ ಒಳಗಿನ ಹುಲ್ಲು

ಬೀದಿಯವರೆಲ್ಲ ಹಾಲಿನಕ್ಕ ಎಂದು ಕರೆಯುವ ಆಕೆ ಆ ಬೆಳಿಗ್ಗೆ ಕೊಟ್ಟಿಗೆಗೆ ಹೋದವಳೇ ಗಾಬರಿಯಾದಳು. ಅವಳ ಹಸು ಕೆಂದಿ ಮೇವನ್ನು ಮೂಸಿಯೂ ನೋಡಿರಲಿಲ್ಲ. ಮೆಲುಕು ನಿಂತಿತ್ತು. ಕಣ್ಣು ಹಳದಿಗಟ್ಟಿತ್ತು, ಮೂತಿಯ ಚರ್ಮ ಬಿರಿದಿತ್ತು. ಗಬ್ಬದ ಹಸು ಬೇರೆ.

“ಬಿಸಿಲಿಗೆ ಹಾಗಾಗಿರುತ್ತೆ ಕಣೆ. ಕಾಡಿಗೆ ಹೊಡ್ಕೊಂಡು ಹೋದ್ರೆ ಸರಿಹೋಗುತ್ತೆ,” ಎಂದ ಗಂಡ.

“ನಿಮಗೆ ಎಲ್ಲದಕ್ಕೂ ಕಾಡೇ ಮದ್ದು! ನಾನು ಪುಟ್ಟಿಗೆ ಫೋನ್ ಮಾಡ್ತೀನಿ.”

ಪುಟ್ಟಿ ಎಂದರೆ ಅವನ ತಂಗಿ, ಪಕ್ಕದ ಊರಿನ ಪಶುವೈದ್ಯೆ. ಬಂದವಳೇ ಹಸುವಿನ ರೆಪ್ಪೆ ಬಿಡಿಸಿ ನೋಡಿದಳು. ಅವಳ ಮುಖ ಬಿಗಿಯಿತು.

“ಅತ್ತಿಗೆ, ಇದು ಲಂಟಾನ ತಿಂದಿದೆ. ಬಣ್ಣಬಣ್ಣದ ಹೂಗೊಂಚಲಿನ ಮುಳ್ಳುಪೊದೆ ಇದೆಯಲ್ಲ, ಅದು. ಅದರ ಎಲೆ ವಿಷ. ಲಿವರ್‌ಗೇ ಪೆಟ್ಟು.”

“ಬದುಕುತ್ತಾ?”

“ಔಷಧಿ ಕುಡಿಸ್ತೀನಿ. ಬಿಸಿಲು ಸೋಕಿದ್ರೆ ಚರ್ಮ ಇನ್ನೂ ಬಿರಿಯುತ್ತೆ, ಒಳಗೆ ಕಟ್ಟಿ. ಈಗಲೇ ಏನೂ ಹೇಳೋಕಾಗಲ್ಲ.”

ಹಾಲಿನಕ್ಕ ಹಸುವನ್ನು ಕೊಟ್ಟಿಗೆಯ ಕತ್ತಲ ಮೂಲೆಗೆ ಕಟ್ಟಿದಳು.

“ದನಕ್ಕೆ ಅಷ್ಟೂ ತಿಳಿಯಲ್ವಾ? ವಿಷ ಯಾಕೆ ತಿನ್ನುತ್ತೆ?” ಎಂದ ಗಂಡ.

“ಹೊಟ್ಟೆ ತುಂಬಿದ ದನ ಅದನ್ನ ಮುಟ್ಟಲ್ಲ ಅಣ್ಣ. ಇದು ಹಸಿದಿತ್ತು.”

“ಹಸಿವಾ? ಕಾಡೆಲ್ಲ ಹಸಿರಾಗಿದೆಯಲ್ಲೇ! ದನದ ಡಾಕ್ಟ್ರು ನೀನು, ಕಾಡಿನ ಡಾಕ್ಟ್ರು ಯಾವಾಗಾದೆ?”

“ಬಾ, ನಿನ್ನ ಕಣ್ಣಾರೆ ನೋಡುವಿಯಂತೆ.”

ಹಸುವಿಗೆ ಔಷಧಿ ಕುಡಿಸಿ ಮೂವರೂ ಮನೆ ಹಿಂದಿನ ಕಾಡಿಗೆ ಹೋದರು. ಹಾಲಿನಕ್ಕನ ಮನಸ್ಸು ಮಾತ್ರ ಕೊಟ್ಟಿಗೆಯಲ್ಲೇ ಇತ್ತು. ಕಾಡಿನಲ್ಲೊಂದು ನೀರಿನ ಒರತೆಗೆ ದನ ನುಗ್ಗದಂತೆ ಹಿಂದೆ ಯಾರೋ ತಂತಿಬೇಲಿ ಹಾಕಿದ್ದರು. ಬೇಲಿಯ ಒಳಗೆ ಮೊಣಕಾಲುದ್ದ ಹುಲ್ಲು, ಅದರಲ್ಲೂ ಬಗೆಬಗೆ. ನಡುವೆ ಬಳ್ಳಿ, ಕಾಡುಹೂವು, ಗೇಣುದ್ದದ ಮರದ ಸಸಿಗಳು. ಹೊರಗೆ? ಎಲ್ಲಿ ನೋಡಿದರೂ ಲಂಟಾನ. ಅದರ ಸಂದಿಯಲ್ಲಿ ಬೋಳು ನೆಲ.

ಪುಟ್ಟಿ ಬಾಟಲಿಯ ನೀರನ್ನು ಬೇಲಿಯೊಳಗೆ ಸುರಿದಳು. ಮಣ್ಣು ಗುಟುಕರಿಸಿತು. ಹೊರಗೆ ಸುರಿದಳು. ನೀರು ಇಂಗಲೇ ಇಲ್ಲ, ಮಣ್ಣು ಕದಡಿಕೊಂಡು ಇಳಿಜಾರಿಗೆ ಓಡಿತು.

“ದನ ರುಚಿಯಾದ ಹುಲ್ಲನ್ನ ಮೊದಲು ತಿನ್ನುತ್ತೆ. ಬೀಜ ಕಟ್ಟೋಕೆ ಬಿಡದೆ ದಿನಾ ತಿಂದ್ರೆ ಆ ಹುಲ್ಲಿನ ವಂಶವೇ ಹೋಗುತ್ತೆ. ಉಳಿಯೋದು ದನ ಒಲ್ಲದ ಗಿಡ. ಗೊರಸಿನ ತುಳಿತಕ್ಕೆ ಮರದ ಸಸಿ ಸಾಯುತ್ತೆ, ಮಣ್ಣು ಕಲ್ಲಾಗುತ್ತೆ.”

“ಅಜ್ಜನ ಕಾಲದಿಂದ ಇಲ್ಲೇ ಮೇಯಿಸ್ತಿದ್ದೀವಿ!”

“ಅಜ್ಜನ ಕಾಲದಲ್ಲಿ ಇಷ್ಟೊಂದು ದನ ಇದ್ವಾ? ಮೇಯಿಸೋದೇ ತಪ್ಪು ಅಂತಿಲ್ಲ ಅಣ್ಣ. ಒಂದೇ ಜಾಗಕ್ಕೆ, ಬಿಡುವೇ ಕೊಡದೆ, ಇಷ್ಟೊಂದು ದನ ನುಗ್ಗಿಸೋದು ತಪ್ಪು.”

ಹಾಲಿನಕ್ಕ ಸುತ್ತ ನೋಡಿದಳು. ಬೇಲಿಯ ಹೊರಗೆ ಇದ್ದದ್ದೆಲ್ಲ ಮುದಿ ಮರಗಳೇ.

“ರೀ, ಇಲ್ಲಿ ಒಂದಾದ್ರೂ ಎಳೆ ಮರ ಇದೆಯಾ? ಇವು ಬಿದ್ದ ಮೇಲೆ ಕಾಡು ಅಂತ ಏನಿರುತ್ತೆ?”

ಗಂಡ ಬಗ್ಗಿ ನೆಲವನ್ನು ಉಗುರಿನಿಂದ ಕೆದಕಿದ. ಉಗುರು ಇಳಿಯಲಿಲ್ಲ.

ಮುಂದಿನ ದಿನಗಳಲ್ಲಿ ಆ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಕೊನೆಗೊಂದು ಸಂಜೆ ಕೆಂದಿ ಮೆಲುಕು ಹಾಕಿತು. ಆದರೆ ಹೊಟ್ಟೆಯಲ್ಲಿದ್ದ ಕರು ಉಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಬೀದಿಯ ದನಗಳು ಕಾಡಿನತ್ತ ಹೊರಟಾಗ ಗಂಡ ಅಡ್ಡ ನಿಂತ. “ಒರತೆ ಕಡೆಯ ಕಾಡಿಗೆ ಈ ವರ್ಷ ಯಾರೂ ದನ ಬಿಡೋದು ಬೇಡ. ಹುಲ್ಲು ಬೀಜ ಕಟ್ಟಲಿ. ನಾನು ಹೊಲದ ಬದುವಿನಲ್ಲಿ ಮೇವು ಬೆಳೀತೀನಿ, ನೀವೂ ಬೆಳೀರಿ.”

“ನಿನ್ನೆವರೆಗೂ ಕಾಡು ಕಾಡು ಅಂತಿದ್ದೋನು ನೀನೇ ಅಲ್ವಾ?” ಎಂದು ನೆರೆಯವ ನಕ್ಕ.

“ಹೌದು. ನಗೋದಿದ್ರೆ ನಮ್ಮ ಕೊಟ್ಟಿಗೆ ನೋಡ್ಕೊಂಡು ಬಂದು ನಗು.”

ನೆರೆಯವನ ನಗು ಅಲ್ಲೇ ನಿಂತಿತು. ಅವನು ತನ್ನ ದನಗಳನ್ನು ಹಿಂದಕ್ಕೆ ತಿರುಗಿಸಿದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹತ್ತಿರದ ಕಾಡಿಗೂ ಒಮ್ಮೆ ಹೋಗಿ ಬನ್ನಿ. ಎಳೆ ಸಸಿ ಕಾಣುತ್ತದೆಯೇ? ನೀರು ಇಂಗುತ್ತದೆಯೇ? ಇಲ್ಲವಾದರೆ ಊರವರೆಲ್ಲ ಕೂತು ಮಾತಾಡಿ. ಕಾಡನ್ನು ಪಾಲು ಮಾಡಿ, ಒಂದು ಪಾಲಿಗೆ ಬಿಡುವು ಕೊಡಿ. ಸಾಕಲಾಗುವಷ್ಟೇ ದನ ಸಾಕಿ. ಹಸು ಮಲಗಿದ ಮೇಲೆ ಯೋಚಿಸೋಣ ಎನ್ನಬೇಡಿ.