ಹುಟ್ಟಿದ ಜಾಗದ ಕಲ್ಲು

ಮೂರಡಿ ಆಳದಲ್ಲಿ ಹಾರೆ ಕಲ್ಲಿಗೆ ತಾಗಿತು. ಬಿನು ಗುಂಡಿಯೊಳಗಿಂದ ತಲೆಯೆತ್ತಿ, "ಅತ್ತೆ, ಬಂಡೆ ಸಿಕ್ತು. ಬೇರೆ ಕಡೆ ತೋಡಾನ," ಎಂದ.

ಜಾನು ಗುಂಡಿಯ ಅಂಚಿನಲ್ಲಿ ಕೂತಿದ್ದಳು. ಹಿಂದೆ ಅಂಗಳದಲ್ಲಿ ಅವಳ ಗಂಡ ಕರಿಯನ್ ಹೊಸ ಪಂಚೆ ಹೊದ್ದು ಮಲಗಿದ್ದ. ಬೆಳಗಿನ ಜಾವ ಅವನ ಉಸಿರು ನಿಂತಿತ್ತು. ನೂಲ್ಪುಳದ ಆ ಹಾಡಿಯಲ್ಲಿ ಸತ್ತವರನ್ನು ಹೂಳುವಾಗ ಅವರ ಕೈಯ ಹತ್ಯಾರವನ್ನೂ ಜೊತೆಗಿಡುತ್ತಾರೆ. ಜೇನು ಕೀಳುವವನಿಗೆ ಕತ್ತಿ, ಗೆಣಸು ಅಗೆಯುವವಳಿಗೆ ಅಗೆಯುವ ಕೋಲು. ಕರಿಯನ್‌ಗೆ ಸುತ್ತಿಗೆ. ಇಪ್ಪತ್ತೆಂಟು ವರ್ಷ ಅವನು ಭೂವಿಜ್ಞಾನದ ಸರ್ವೇಯವರ ಹಿಂದೆ ಬೆಟ್ಟ ಹತ್ತಿ, ಬಂಡೆಯಿಂದ ಚೂರು ಒಡೆದು, ನಂಬರು ಬರೆದ ಚೀಲದಲ್ಲಿ ಹೊತ್ತು ತಂದವನು. ಆ ಸುತ್ತಿಗೆ ಈಗ ಜಾನುವಿನ ಮಡಿಲಲ್ಲಿತ್ತು.

"ಜಾಗ ಅವರೇ ಹೇಳಿದ್ದು. ಬದಲಾಯ್ಸಕ್ಕಾಗಲ್ಲ," ಎಂದಳು.

ಹೆಂಗಸರು ಗುಂಡಿಗೆ ಇಳಿಯುವ ಪದ್ಧತಿಯಿಲ್ಲ. ಜಾನು ಇಳಿದಳು. ಸುತ್ತಿಗೆಯಿಂದ ಎರಡು ಸಲ ಬಡಿದು ಕಿವಿಗೊಟ್ಟಳು. ಡಬ್ ಡಬ್ ಎಂದಿತು.

"ಬಂಡೆ ಆಗಿದ್ರೆ ಠಣ್ ಅನ್ನೋದು. ಇದು ಉರುಳುಗಲ್ಲು ಕಣೋ, ಎಲ್ಲಿಂದಲೋ ಬಂದು ಕೂತದೆ. ಸುತ್ತ ಮಣ್ಣು ಬಿಡಿಸು, ಎದ್ದು ಬತ್ತದೆ. ಎಷ್ಟೊತ್ತು ಬೇಕು?"

"ಎರಡು ಗಂಟೆಯಾದ್ರೂ ಬೇಕು."

"ಶರಿ. ನಂಗೂ ಅಷ್ಟು ಸಾಕು."

ಅವಳು ಮೇಲೆ ಬಂದು ಸೀರೆಯ ಮಣ್ಣು ಕೊಡವಿ, ನೆಟ್ಟಗೆ ದಿವ್ಯಶ್ರೀ ಕೂತಿದ್ದ ಜಗಲಿಗೆ ನಡೆದಳು. ದಿವ್ಯಶ್ರೀ ಚಾಮರಾಜನಗರದ ಕಡೆಯವಳು, ಸರ್ವೇ ಕಚೇರಿಯ ಭೂವಿಜ್ಞಾನಿ. ಸುದ್ದಿ ಕೇಳಿ ಜೀಪು ಮಾಡಿಕೊಂಡು ಬಂದಿದ್ದಳು.

*

ಹೋದ ವರ್ಷ ಇದೇ ದಿವ್ಯಶ್ರೀ ಇದೇ ಜಗಲಿಯ ಮೇಲೆ ನಕ್ಷೆ ಬಿಡಿಸಿದ್ದಳು. ಹಳೆಯ ಸರ್ವೇಗಳನ್ನೆಲ್ಲ ಒಟ್ಟುಗೂಡಿಸಿ ಇಡೀ ದೇಶದ ತಳಬಂಡೆಗೆ ಒಂದೇ ನಕ್ಷೆ ಮಾಡುತ್ತಿದ್ದರು. ಅದರಲ್ಲಿ ಈ ಸೀಮೆಯ ಹಾಳೆ ಅವಳದು. ಇನ್ನೂರೈವತ್ತು ಕೋಟಿ ವರ್ಷ ದಾಟಿದ ಪಟ್ಟೆಗಲ್ಲಿಗೆ ಗುಲಾಬಿ ಬಣ್ಣ ಹಚ್ಚಿತ್ತು. ಹಾಡಿಯ ಹಿಂದಿನ ಬೆಟ್ಟದ ಮೇಲೆ ಮಾತ್ರ ಒಂದು ಹಸಿರು ಗೆರೆ.

"ಇದೇನವ್ವ?" ಎಂದು ಕರಿಯನ್ ಬೆರಳಿಟ್ಟ.

"ಅಲ್ಲಿ ಕಪ್ಪುಕಲ್ಲು ಸಿಕ್ಕಿದೆಯಲ್ಲ. ನೀವೇ ತಂದದ್ದು, ನಂಬರು ನೂರಾ ಹದಿನೇಳು."

ಕರಿಯನ್ ಆಮೇಲೆ ಮುಂದಿದ್ದ ಲೋಟದ ಕಾಪಿ ಮುಟ್ಟಲಿಲ್ಲ. ಅವಳು ಹೋದ ಮೇಲೆ ಹೆಂಡತಿಯ ಹತ್ತಿರ ಬಾಯಿಬಿಟ್ಟ. ಇಪ್ಪತ್ತು ವರ್ಷದ ಹಿಂದೆ ಆಗಿನ ಸರ್ವೇ ಸಾರ್‌ಗೆ ಜ್ವರ ಬಂದು ಅವನೊಬ್ಬನೇ ಬೆಟ್ಟಕ್ಕೆ ಹೋಗಿದ್ದ. ದಾರಿಯಲ್ಲಿ ಮರಿ ಕಟ್ಟಿಕೊಂಡ ಆನೆ ನಿಂತಿತ್ತು. ಸಂಜೆಯವರೆಗೆ ಕಾದು, ಕೆಳಗೆ ಹರಿಯುವ ತೋಡಿನಲ್ಲಿ ಬಿದ್ದಿದ್ದ ಕರಿ ಗುಂಡುಕಲ್ಲಿನಿಂದ ಒಂದು ಚೂರು ಒಡೆದು, ಬೆಟ್ಟದ ನೆತ್ತಿಯದೆಂದು ಕೊಟ್ಟುಬಿಟ್ಟ.

"ಯಾರಿಗೆ ಗೊತ್ತಾಗ್ತದೆ ಅಂದ್ಕೊಂಡೆ ಜಾನು. ಆ ಸುಳ್ಳು ನಮ್ಮ ಜಗಲಿಗೇ ಬಂದು ಕೂತ್ಕತು."

ಹುಟ್ಟಿದ ಜಾಗದ ಕಲ್ಲೇ ಬೇಕು, ಉರುಳಿ ಬಂದದ್ದನ್ನು ಮುಟ್ಟಬಾರದು ಎಂದು ಹೊಸ ಆಳುಗಳಿಗೆಲ್ಲ ಪಾಠ ಹೇಳಿದ ಮನುಷ್ಯ ಇವನೇ. ನಾಚಿಕೆಯಿಂದ ಹಿಡಿಯಷ್ಟಾಗಿ ಹೋದ. ಸರಿಯಾದ ಕಲ್ಲು ತಂದು ಕೈಲಿಟ್ಟೇ ತಪ್ಪು ಹೇಳುತ್ತೇನೆಂದು ಹಟ ಹಿಡಿದ. ಮೂರು ಸಲ ಹೊರಟ. ಮೂರು ಸಲವೂ ಮೊದಲ ತಿರುವಿನಲ್ಲೇ ಉಬ್ಬಸ ಬಂದು ಜಾನು ಕೈಹಿಡಿದು ವಾಪಸು ಕರೆತಂದಳು.

*

ಇಷ್ಟನ್ನೂ ಜಾನು ನಿಂತುಕೊಂಡೇ ಹೇಳಿದಳು.

"ಜಾನಮ್ಮ, ಇವತ್ತೇ ಇದೆಲ್ಲ ಯಾಕೆ?" ಎಂದಳು ದಿವ್ಯಶ್ರೀ.

"ನಕ್ಷೆ ಯಾವತ್ತು ಕಳಿಸೋದು?"

"ನಾಳೆ."

"ಅದಕ್ಕೇ ಇವತ್ತು. ಸುತ್ತಿಗೇನೂ ಇವತ್ತೇ ಮಣ್ಣಿಗೆ ಹೋಗೋದು. ಅವರು ಬಾಕಿ ಬಿಟ್ಟ ಈ ಪಣಿ ಮುಗೀದೆ ನಾನು ಕೊಡಲ್ಲ."

"ಇಡೀ ದೇಶದ ನಕ್ಷೇಲಿ ಅದು ಒಂದು ಕೂದಲೆಳೆ. ಯಾರೂ ನೋಡಲ್ಲ."

"ಅವರು ನೋಡಿದ್ರಲ್ಲ."

ಕರಿಯನ್‌ನ ಅಣ್ಣ ಸೋಮನ್‌ಗೆ ಇದು ಸರಿಬರಲಿಲ್ಲ. "ಹೆಣ ಅಂಗಳದಲ್ಲಿ ಬಿಟ್ಟು ಹೆಂಡ್ತಿ ಬೆಟ್ಟ ಹತ್ತೋದಾ? ನೋಡ್ದೋರು ಏನಂದಾರು?"

"ನೀವು ಹತ್ರ ಕೂತಿರಿ ಭಾವ. ಅವರು ಎಲ್ಲೂ ಎದ್ದೋಗಲ್ಲ," ಎಂದು ಜಾನು ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ದಿವ್ಯಶ್ರೀ ಜೀಪಿನಿಂದ ಒಂದು ಖಾಲಿ ಚೀಲ ತಂದಳು. ಗಂಡ ಸೋತ ತಿರುವಿನಲ್ಲಿ ಜಾನು ಒಂದು ಗಳಿಗೆ ನಿಂತಳು, ಮುಂದೆ ಎಲ್ಲೂ ನಿಲ್ಲಲಿಲ್ಲ. ನೆತ್ತಿಯ ಮೇಲೆ ಬೋಳು ಬಂಡೆ ಬಿಸಿಲಿಗೆ ಹರಡಿಕೊಂಡಿತ್ತು, ಉದ್ದಕ್ಕೂ ಬಿಳಿ-ಬೂದು ಪಟ್ಟೆ. ಈ ತುದಿಯಿಂದ ಆ ತುದಿಗೆ ನಡೆದು ನೋಡಿದರೂ ಕಪ್ಪುಕಲ್ಲಿನ ಸುಳಿವಿರಲಿಲ್ಲ. ಜಾನು ಸುತ್ತಿಗೆ ಬೀಸಿದಳು. ಠಣ್ ಎಂದಿತು. ಬೆಳಗಿನಿಂದ ಅಳದಿದ್ದವಳು ಆ ಸದ್ದಿಗೆ ಅತ್ತಳು. ಅಳುತ್ತಲೇ ಇನ್ನೂ ನಾಲ್ಕು ಏಟು ಹಾಕಿ ಅಂಗೈಯಗಲದ ಚೂರು ತೆಗೆದಳು.

ದಿವ್ಯಶ್ರೀ ಫೋಟೊ ತೆಗೆದಳು. "ಹಸಿರು ಗೆರೆ ಇವತ್ತೇ ಅಳಿಸ್ತೀನಿ," ಎಂದಳು. ಚೀಲದ ಚೀಟಿಯಲ್ಲಿ ನಂಬರು, ಜಾಗ, ತಾರೀಖು ಬರೆದು, ಕಲ್ಲು ತೆಗೆದವರ ಹೆಸರಿನ ಹತ್ತಿರ ಪೆನ್ನು ನಿಲ್ಲಿಸಿದಳು. "ಇಲ್ಲಿ ಕರಿಯನ್ ಅಂತಲೇ ಬರೀತೀನಿ ಜಾನಮ್ಮ."

ಜಾನು ಅವಳ ಕೈ ಹಿಡಿದಳು. "ಬೇಡ ಕಣವ್ವ. ಅವರು ಅವತ್ತೂ ಹತ್ಲಿಲ್ಲ, ಇವತ್ತೂ ಹತ್ಲಿಲ್ಲ. ಇನ್ನೊಂದು ಸುಳ್ಳು ಯಾಕೆ? ಜಾನು ಅಂತ ಬರಿ."

ಅವರು ಇಳಿದು ಬರುವಷ್ಟರಲ್ಲಿ ಉರುಳುಗಲ್ಲು ಗುಂಡಿಯ ಪಕ್ಕದಲ್ಲಿ ಕೂತಿತ್ತು. ಬಿನುವಿನ ಅಂಗೈ ಕಿತ್ತುಹೋಗಿತ್ತು. ಸೋಮನ್ ತಮ್ಮನ ತಲೆಯ ಹತ್ತಿರದಿಂದ ಕದಲಿರಲಿಲ್ಲ; ಜಾನುವನ್ನು ನೋಡಿ ಎದ್ದು ಹೆಗಲು ಕೊಟ್ಟ.

ಕರಿಯನ್‌ನನ್ನು ಇಳಿಸಿದರು. ಜಾನು ಸುತ್ತಿಗೆಯನ್ನು ಸೊಂಟದಿಂದ ತೆಗೆದು ಕೊಟ್ಟಳು. ಬಿನು ಅದನ್ನು ಮಾವನ ಬಲಗೈ ಪಕ್ಕಕ್ಕೆ ಇಡುವಾಗ, ಅದರ ಮೂತಿಗೆ ಹತ್ತಿದ್ದ ಬಿಳಿ ಪುಡಿ ಕಂಡು ಒರೆಸಲು ಹೆಗಲ ಮೇಲಿನ ತೋರ್ತು ಬಟ್ಟೆ ಎಳೆದ.

"ಒರೆಸಬೇಡ," ಎಂದಳು ಜಾನು. "ಹಂಗೇ ಇರ್ಲಿ."

ಬಿನು ಕೈ ಹಿಂದಕ್ಕೆ ತೆಗೆದ. ಅವಳು ಮೊದಲ ಹಿಡಿ ಮಣ್ಣನ್ನು ಸುತ್ತಿಗೆಗೆ ತಾಗದಂತೆ, ಅವನ ಕಾಲ ಕಡೆಯಿಂದ ಹಾಕಲು ಶುರುಮಾಡಿದಳು.