ಶಾಲು ಹೊದಿಸಿದ ಸುದ್ದಿ

ಧಾರವಾಡದಲ್ಲಿ ಎಂ.ಎ. ಪತ್ರಿಕೋದ್ಯಮದ ಎರಡನೆಯ ವರ್ಷದಲ್ಲಿದ್ದೆ. ಯಾವುದಾದರೂ ಪತ್ರಿಕೆಯಲ್ಲಿ ಒಂದು ತಿಂಗಳು ದುಡಿದು, ನಮ್ಮ ಹೆಸರಿನಲ್ಲಿ ಅಚ್ಚಾದ ಹತ್ತು ಸುದ್ದಿಗಳ ಕಟಿಂಗ್‌ಗಳನ್ನು ಫೈಲಿಗೆ ಅಂಟಿಸಿ ಕೊಡಬೇಕಿತ್ತು. ಒಂದು ಕಡಿಮೆಯಾದರೂ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ವಿಭಾಗದಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ನಾನು ಗದಗಿನ ಒಂದು ಸಣ್ಣ ದಿನಪತ್ರಿಕೆಗೆ ಸೇರಿದೆ. ಗದಗ ಜಿಲ್ಲೆಯಾಗಿ ಆಗಿನ್ನೂ ಎರಡು ವರ್ಷ. ಹೊಸ ಜಿಲ್ಲೆಯೆಂದರೆ ದಿನಕ್ಕೆರಡು ಉದ್ಘಾಟನೆ, ಮೂರು ಸನ್ಮಾನ. ಮುಂಡರಗಿ, ಶಿರಹಟ್ಟಿ, ಮಾಗಡಿ ಕೆರೆಯ ಹಕ್ಕಿಗಳು ಎಂದು ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿ ಒಂಬತ್ತು ಮಾಡಿದ್ದೆ. ಕೊನೆಯ ದಿನ ಹತ್ತನೆಯದು ಸಿಕ್ಕಿತು, ಅದೂ ನನ್ನೂರು ಲಕ್ಷ್ಮೇಶ್ವರದಲ್ಲೇ. ನನಗೆ ಅಕ್ಷರ ಕಲಿಸಿದ ಶೇಖಸಾಬ ಮಾಸ್ತರರಿಗೆ ನಿವೃತ್ತಿಯ ಸನ್ಮಾನ.

ಕಾರ್ಯಕ್ರಮ ಸಂಜೆ ಐದಕ್ಕೆ. ಸುದ್ದಿಯ ಕವರನ್ನು ಗದಗಿಗೆ ಒಯ್ಯುವ ಬಸ್ಸು ನಾಲ್ಕಕ್ಕೆ. ಇದಕ್ಕೆ ಉಪಾಯವನ್ನು ಡೆಸ್ಕಿನಲ್ಲಿ ಸುದ್ದಿ ತಿದ್ದುವ ನಿಜಾಮುದ್ದೀನ ಸರ್ ಮೊದಲ ವಾರವೇ ಹೇಳಿಕೊಟ್ಟಿದ್ದರು.

"ಆಮಂತ್ರಣ ಪತ್ರಿಕಿ ಮುಂದಿಟಗೊಂಡು ಬರಿಯವಾ ಮಮತಾ. ಶಾಲು ಹೊದಸಾವ್ರು ಯಾರು, ಹೊದಿಸ್ಕೊಳ್ಳಾವ್ರು ಯಾರು, ಎಲ್ಲಾ ಅದರಾಗ ಇರ್ತೈತಿ. ಸನ್ಮಾನದಾಗ ಹೊಸಾದು ಏನ ಆಗ್ತೈತಿ?"

ನಾನೂ ಹಾಗೇ ಬರೆದೆ. ಗಣ್ಯರು ಶಾಲು ಹೊದಿಸಿದರೆಂದೂ, ಮಾಸ್ತರರು ಕಣ್ಣು ತುಂಬಿಕೊಂಡು "ಇದು ನನ್ನ ಭಾಗ್ಯ" ಎಂದರೆಂದೂ ಬರೆದೆ. ಆಮಂತ್ರಣ ಪತ್ರಿಕೆಯಲ್ಲಿ ಕಣ್ಣೀರು ಇರಲಿಲ್ಲ, ಅದು ನಾನೇ ಸೇರಿಸಿದ್ದು. ಕಂಡಕ್ಟರನ ಕೈಗೆ ಕವರು ಕೊಟ್ಟು, ಪರೀಕ್ಷೆ ಪಾಸಾದವಳಂತೆ ಹೋಗಿ ಮುಂದಿನ ಸಾಲಿನಲ್ಲಿ ಕುಳಿತೆ.

ಶಾಲು ಬಿಚ್ಚಿಕೊಂಡು ಮುಂದೆ ಬಂದ ಊರಿನ ಮುಖಂಡರ ಕೈಯನ್ನು ಮಾಸ್ತರರು ಮೆಲ್ಲಗೆ ತಡೆದರು.

"ಮೂರು ವರ್ಷ ಆತ್ರಿ, ನಮ್ಮ ಸಾಲಿ ಎರಡು ಖೋಲಿಗೆ ತಗಡು ಹಾಕಸ್ತೀನಿ ಅಂತ ನೀವು ಹೇಳಿ. ಹುಡುಗೂರು ಬಿಸಲಾಗ ಕುಂಡ್ರತಾವ. ಮೊದಲ ಅವಕ್ಕ ತಗಡು ಹೊದಸ್ರಿ, ಆಮ್ಯಾಲೆ ನನಗ ಶಾಲು ಹೊದಸೀರಂತ."

ಮೈಕಿನಲ್ಲೇ ಹೇಳಿ, ಕೈ ಮುಗಿದು, ವೇದಿಕೆ ಇಳಿದು ಹೋದರು. ಎಂದೂ ಯಾರಿಗೂ ಎದುರಾಡದ ಮನುಷ್ಯ! ಹೆಮ್ಮೆಯಿಂದ ನನ್ನ ಮೈ ಜುಮ್ಮೆಂದಿತು. ಮರುಗಳಿಗೆ ಕವರಿನ ನೆನಪಾಯಿತು.

ಎಸ್‌ಟಿಡಿ ಬೂತಿಗೆ ಓಡಿದೆ. ಮೂರು ಸಲ ಎಂಗೇಜ್ ಬಂತು. ಹೊರಗೆ ಬಂದೆ, ಒಳಗೆ ಹೋದೆ, ಉಗುರೆಲ್ಲ ಕಚ್ಚಿ ಮುಗಿಸಿದೆ. ನಾಲ್ಕನೆಯ ಸಲ ನಿಜಾಮುದ್ದೀನ ಸರ್ ಎತ್ತಿಕೊಂಡರು. ಎಲ್ಲ ಕೇಳಿ ಸಿಟ್ಟಾಗಲಿಲ್ಲ.

"ಕವರ್ ನನ್ನ ಮುಂದನ ಐತಿ, ಇನ್ನೂ ಒಡದಿಲ್ಲ. ಹರದು ಒಗೀಲೇನು? ಮುಖಂಡರ ಮ್ಯಾಲಿನ ಮಾತು ಹಾಕಬೇಕಂದ್ರ ಮಾಲಕರನ್ನ ಕೇಳಬೇಕು, ಅವರು ಊರಾಗಿಲ್ಲ. ನಾಳಿನ ಪೇಪರ್ ತಪ್ಪಿದ್ರ ನಿನಗ ಮತ್ತ ದಿನ ಉಳದಿಲ್ಲ. ಜಲ್ದಿ ಹೇಳು."

ರಿಸೀವರ್ ಹಿಡಿದು ನಿಂತೆ. ಹಿಂದೆ ಸರದಿಯಲ್ಲಿದ್ದವನು ಗೊಣಗುತ್ತಿದ್ದ. ಒಂಬತ್ತು ಕಟಿಂಗ್ ಅಂಟಿಸಿದ ಫೈಲು, ಖಾಲಿ ಬಿದ್ದ ಹತ್ತನೆಯ ಹಾಳೆ, ಎರಡು ವರ್ಷದ ಓದು ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು.

"ಇರ್ಲಿ ಬಿಡ್ರಿ ಸರ, ಹಾಕ್ರಿ" ಎಂದೆ.

ಬೆಳಗ್ಗೆ ಪೇಪರು ಬಂತು. ಸುದ್ದಿಯ ನೆತ್ತಿಯ ಮೇಲೆ ನನ್ನ ಹೆಸರು ದಪ್ಪಕ್ಷರದಲ್ಲಿತ್ತು. ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ತಪ್ಪು ಒಪ್ಪಿಕೊಂಡೇ ಬಿಡೋಣವೆಂದು ಮಾಸ್ತರರ ಮನೆಗೆ ಹೋದೆ. ಅವರ ಹೆಂಡತಿ ಗುಲಾಬಬಿ ಮಂಡಿನೋವಿನಿಂದ ಕಾರ್ಯಕ್ರಮಕ್ಕೆ ಬಂದಿರಲಿಲ್ಲ. ಈಗ ಬಾಗಿಲಲ್ಲೇ ಪೇಪರು ಹಿಡಿದು ನಿಂತಿದ್ದರು.

"ಬಾರವಾ ಮಮತಾ. ನಿನ್ನೆ ಇವರು ನನ್ನ ಮುಂದ, ಶಾಲು ತಗೊಂಡೇ ಇಲ್ಲ ಅಂದಾರ ನೋಡು. ಪೇಪರಿನ್ಯಾಗ ಹೊದಿಸಿದ್ದು ಬಂದೈತಿ. ಯಾರಿಗೆ ಕೊಟ್ಟು ಬಂದಾರ, ನೀನ ಕೇಳು."

ಮಾಸ್ತರರು ಒಳಗೆ ಗೋಡೆಗೆ ಒರಗಿ ಕುಳಿತಿದ್ದರು. ನನ್ನನ್ನು ನೋಡಿದರು, ಬೈಯಲಿಲ್ಲ.

"ನೀನರ ಹೇಳವಾ. ನೀ ಅಲ್ಲೇ ಇದ್ದೆಲ್ಲ" ಎಂದರಷ್ಟೇ.

ನಾಚಿಕೆಯಿಂದ ಭೂಮಿಗಿಳಿದುಹೋದೆ. "ಅಮ್ಮಾರ, ಸರ್ ಶಾಲು ಮುಟ್ಟೇ ಇಲ್ರಿ. ನಾ ಬರದದ್ದು ಸುಳ್ಳ ಐತ್ರಿ."

ಗುಲಾಬಬಿ ನಕ್ಕರು. ಅಚ್ಚಾದ ನನ್ನ ಹೆಸರಿನ ಮೇಲೆ ಬೆರಳಿಟ್ಟರು.

"ಮಾಸ್ತರನ್ನ ಉಳಸಾಕ ತಪ್ಪು ನಿನ್ನ ಮ್ಯಾಲೆ ಹಾಕ್ಕೋತಿ ಏನು? ಇವರ ಕೈಯಾಗ ಕಲತಾಕಿ ನೀನು. ಸುಳ್ಳ ಹೆಂಗ ಬರೀತೀಯವಾ?"